ಲೈನ್ ಪೈಲಟ್‌ಗೆ ಅಮಾನತು, ಮೇಲಿನವರಿಗೆ ಬಡ್ತಿ: ಇದು ಯಾವ ಲೆಕ್ಕ?

ನಿವೃತ್ತ ಕಮಾಂಡರ್:
ಎರಡು ಪ್ರಕರಣಗಳನ್ನು ಮುಂದಿಡುತ್ತೇನೆ, ತೀರ್ಪು ನಿಮಗೆ ಬಿಟ್ಟದ್ದು. 2023ರ ಜೂನ್ 15ರಂದು ಬೆಂಗಳೂರಿನಿಂದ ಅಹಮದಾಬಾದಿಗೆ ಹೋದ ಇಂಡಿಗೋ ಎ321 ವಿಮಾನದ ಬಾಲ ಇಳಿಯುವಾಗ ರನ್‌ವೇಗೆ ಉಜ್ಜಿತು. ಜುಲೈ ಮುಗಿಯುವುದರೊಳಗೆ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಕ್ಯಾಪ್ಟನ್ನರ ಲೈಸೆನ್ಸನ್ನು ಮೂರು ತಿಂಗಳು, ಸಹ ಪೈಲಟ್ಟರದನ್ನು ಒಂದು ತಿಂಗಳು ಅಮಾನತಿನಲ್ಲಿಟ್ಟಿತು. ಅದೇ ವಾರ, ಆರು ತಿಂಗಳಲ್ಲಿ ನಾಲ್ಕು ಸಲ ಹೀಗಾದದ್ದನ್ನು ಕಂಡು ನಡೆಸಿದ ವಿಶೇಷ ತಪಾಸಣೆಯಲ್ಲಿ ಕಾರ್ಯಾಚರಣೆ, ತರಬೇತಿ ಮತ್ತು ಎಂಜಿನಿಯರಿಂಗ್ ವಿಧಾನಗಳ ದಾಖಲೆಗಳಲ್ಲಿಯೇ ವ್ಯವಸ್ಥೆಯ ಮಟ್ಟದ ಲೋಪಗಳಿವೆ ಎಂದು ಹೇಳಿ ಕಂಪನಿಗೆ 30 ಲಕ್ಷ ರೂಪಾಯಿ ದಂಡ ಹಾಕಿತು. ಲೋಪ ವ್ಯವಸ್ಥೆಯದ್ದಾದರೆ ಆ ವ್ಯವಸ್ಥೆಯನ್ನು ನಡೆಸುವ ಪೈಲಟ್‌ಗಳ ಲೈಸೆನ್ಸಿಗೆ ಏನಾಯಿತು?

ಎರಡನೆಯದು. 2017ರ ಜನವರಿಯಲ್ಲಿ ಬೆಂಗಳೂರಿನಿಂದ ದೆಹಲಿಗೆ ವಿಮಾನ ಹಾರಿಸಿದ ಏರ್ ಇಂಡಿಯಾದ ಹಿರಿಯ ಅಧಿಕಾರಿ ಪೈಲಟ್ ಒಬ್ಬರು ಮದ್ಯ ಸೇವನೆ ಪತ್ತೆ ಮಾಡುವ ಉಸಿರು ಪರೀಕ್ಷೆಯನ್ನು ತಪ್ಪಿಸಿದರೆಂದು ಮೂರು ತಿಂಗಳ ಅಮಾನತಿಗೆ ಒಳಗಾದರು. ಅದೇ ವರ್ಷ ಅವರು ಅದೇ ಸಂಸ್ಥೆಯ ಕಾರ್ಯಾಚರಣೆ ನಿರ್ದೇಶಕರಾದರು. 2018ರ ನವೆಂಬರಿನಲ್ಲಿ ದೆಹಲಿಯಿಂದ ಲಂಡನ್ನಿಗೆ ಹೊರಡುವ ಮುನ್ನ ನಡೆದ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. ಆ ಫಲಿತಾಂಶವನ್ನು ಅವರು ಒಪ್ಪಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ನನ್ನ ಪ್ರಶ್ನೆ ಪರೀಕ್ಷೆಯ ಬಗ್ಗೆ ಅಲ್ಲವೇ ಅಲ್ಲ. ಸುರಕ್ಷತಾ ನಿಯಮವನ್ನು ಮುರಿದು ಅಮಾನತಾದ, ದಿನನಿತ್ಯದ ಹಾರಾಟವಷ್ಟೇ ಕೆಲಸವಾದ ಒಬ್ಬ ಲೈನ್ ಪೈಲಟ್ಟಿಗೆ ಅದೇ ವರ್ಷ ಬಡ್ತಿ ಸಿಕ್ಕ ಉದಾಹರಣೆ ಯಾರಾದರೂ ಕೊಡಬಲ್ಲಿರಾ? ಆಫೀಸಿನಲ್ಲಿ ಕೋಣೆ ಇರುವ ಪೈಲಟ್ಟನ್ನು ಯಾರೂ ಮುಟ್ಟುವುದಿಲ್ಲ.

ತರಬೇತಿ ಕೊಠಡಿ:
‘ಯಾರೂ ಮುಟ್ಟುವುದಿಲ್ಲ’ ಎಂಬ ಮಾತು ಅಪ್ಪಟ ಸುಳ್ಳು. 2024ರ ಜುಲೈಯಲ್ಲಿ ಮುಂಬೈಯಿಂದ ರಿಯಾದಿಗೆ ಹೋದ ಏರ್ ಇಂಡಿಯಾ ವಿಮಾನದಲ್ಲಿ, ಲೈನ್ ತರಬೇತಿ (ಪ್ರಯಾಣಿಕರಿರುವ ವಿಮಾನದಲ್ಲೇ ನಡೆಯುವ ತರಬೇತಿ) ಇನ್ನೂ ಮುಗಿಯದ ಸಹ ಪೈಲಟ್ಟನ್ನು ತರಬೇತುದಾರರಲ್ಲದ ಕ್ಯಾಪ್ಟನ್ ಜೊತೆ ಕೂರಿಸಲಾಗಿತ್ತು. ಡಿಜಿಸಿಎ ಕಂಪನಿಗೆ 90 ಲಕ್ಷ, ಕಾರ್ಯಾಚರಣೆ ನಿರ್ದೇಶಕರಿಗೆ 6 ಲಕ್ಷ, ತರಬೇತಿ ನಿರ್ದೇಶಕರಿಗೆ 3 ಲಕ್ಷ ದಂಡ ಹಾಕಿತು. ವಿಮಾನ ಹಾರಿಸಿದ ಪೈಲಟ್‌ಗೆ ಸಿಕ್ಕಿದ್ದು ಬರೀ ಎಚ್ಚರಿಕೆ. ಅದೇ ವರ್ಷದ ಡಿಸೆಂಬರಿನಲ್ಲಿ ಅಕಾಸಾ ಏರ್‌ನ ಕಾರ್ಯಾಚರಣೆ ನಿರ್ದೇಶಕ ಮತ್ತು ತರಬೇತಿ ನಿರ್ದೇಶಕ ಇಬ್ಬರನ್ನೂ ಆರು ತಿಂಗಳು ಹುದ್ದೆಯಿಂದ ಅಮಾನತುಗೊಳಿಸಲಾಯಿತು. ನಾನು ಹಲವು ವರ್ಷ ಪರೀಕ್ಷಕನಾಗಿ ಕೆಲಸ ಮಾಡಿದವನು. ಆ ಕುರ್ಚಿಯಲ್ಲಿ ಕುಳಿತವರ ಮೇಲೆ ಎಷ್ಟು ಭಾರವಿರುತ್ತದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ನಿಮ್ಮ ಎರಡನೆಯ ಪ್ರಕರಣದಲ್ಲಿಯೂ ನಿಯಮ ಹೇಳುವುದೇ ನಡೆದಿದೆ: ಮೊದಲ ಸಲ ಮೂರು ತಿಂಗಳು, ಎರಡನೆಯ ಸಲ ಮೂರು ವರ್ಷ. ಒಬ್ಬ ಸಾಮಾನ್ಯ ಸಹ ಪೈಲಟ್ಟಿಗೂ ಇದೇ ಅಳತೆ.

ನಿವೃತ್ತ ಕಮಾಂಡರ್:
‘ಇದೇ ಅಳತೆ’ ಎಂದಿರಿ, ಸಂತೋಷ. ಆರು ಲಕ್ಷ ರೂಪಾಯಿ ಒಬ್ಬ ನಿರ್ದೇಶಕರಿಗೆ ಎಷ್ಟು ದಿನದ ಸಂಬಳ ಎಂಬುದನ್ನು ತಾವೇ ಲೆಕ್ಕ ಹಾಕಿಕೊಳ್ಳಿ. ಲೈನ್ ಪೈಲಟ್ಟಿನ ಲೈಸೆನ್ಸ್ ಮೂರು ತಿಂಗಳು ನಿಂತರೆ ಅವನ ಹಾರಾಟದ ಭತ್ಯೆ ನಿಲ್ಲುತ್ತದೆ, ಕಮಾಂಡ್ ಬಡ್ತಿಯ (ಕ್ಯಾಪ್ಟನ್ ಆಗುವ) ಸರದಿ ಹಿಂದೆ ಬೀಳುತ್ತದೆ, ಮುಂದೆ ಯಾವ ದೇಶದ ಕಂಪನಿಗೆ ಅರ್ಜಿ ಹಾಕಿದರೂ ‘ಎಂದಾದರೂ ನಿಮ್ಮ ಲೈಸೆನ್ಸ್ ಅಮಾನತಾಗಿದೆಯೇ’ ಎಂಬ ಅಂಕಣದಲ್ಲಿ ‘ಹೌದು’ ಎಂದು ಬರೆಯಬೇಕಾಗುತ್ತದೆ. ನಿರ್ದೇಶಕರು ಹುದ್ದೆಯಿಂದ ಆರು ತಿಂಗಳು ಇಳಿದರು, ಹಾರಾಟದಿಂದ ಇಳಿಯಲಿಲ್ಲ.

ಕಪ್ಪು ಕೋಟು:
ಇಬ್ಬರೂ ಶಿಕ್ಷೆಯ ತೂಕ ನೋಡುತ್ತಿದ್ದೀರಿ. ಅಪಘಾತ ತನಿಖೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಒಪ್ಪಂದದ 13ನೇ ಅನುಬಂಧವೂ ಅದನ್ನು ಅನುಸರಿಸುವ ನಮ್ಮ 2017ರ ನಿಯಮಗಳೂ ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದೇ ಹೊರತು ಯಾರ ಮೇಲಾದರೂ ತಪ್ಪು ಹೊರಿಸುವುದಲ್ಲ ಎಂದು ಸ್ಪಷ್ಟವಾಗಿ ಹೇಳುತ್ತವೆ. ಲೈಸೆನ್ಸ್ ಅಮಾನತು ಬೇರೆಯದೇ ಕಾನೂನು ಪ್ರಕ್ರಿಯೆ. ಲೈಸೆನ್ಸ್ ಇರುವುದು ವ್ಯಕ್ತಿಯ ಹೆಸರಿನಲ್ಲಿ, ಆದ್ದರಿಂದ ಅದನ್ನು ಕಿತ್ತುಕೊಳ್ಳುವುದು ಸುಲಭ. ತರಬೇತಿ ಕೈಪಿಡಿಗೆ ಸಹಿ ಹಾಕಿದವನು ಸಹಿ ಹಾಕುವುದು ಕಂಪನಿಯ ಪರವಾಗಿ, ಆದ್ದರಿಂದ ದಂಡವೂ ಕಂಪನಿಗೆ. ಅಸಮಾನತೆ ಇರುವುದು ಈ ಕಾನೂನಿನ ಕಟ್ಟಡದಲ್ಲಿ. ಅಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಾಗಿಲ್ಲ.

ಗಗನಸಖಿ:
ಉಸಿರು ಪರೀಕ್ಷೆಯ ಕೋಣೆ ಹೇಗಿರುತ್ತದೆ ಎಂದು ಇಲ್ಲಿ ಬರೆಯುತ್ತಿರುವವರಲ್ಲಿ ಎಷ್ಟು ಜನ ನೋಡಿದ್ದೀರೋ ತಿಳಿಯದು. ನಾನು ಕೆಲಸ ಮಾಡಿದ ಸಂಸ್ಥೆಯಲ್ಲಿ (ಹೆಸರು ಬೇಡ) ಅದು ಒಂದು ಮೇಜು, ಒಂದು ಯಂತ್ರ, ಒಂದು ಕ್ಯಾಮೆರಾ ಮತ್ತು ಒಂದು ದಪ್ಪ ರಿಜಿಸ್ಟರ್ ಹಿಡಿಯುವಷ್ಟು ಜಾಗ. ನಾವು ಕ್ಯಾಬಿನ್ ಸಿಬ್ಬಂದಿ ಸಾಲಾಗಿ ನಿಂತು ಹೊಸ ಕೊಳವೆ ಹಾಕಿಸಿಕೊಂಡು ಊದಿ, ಯಂತ್ರ ಕೊಟ್ಟ ಅಂಕಿಯ ಮುಂದೆ ಸಹಿ ಹಾಕಿ ಹೋಗುತ್ತಿದ್ದೆವು. ಯಾರಾದರೂ ತಡವಾಗಿ ಬಂದರೆ ಮೇಜಿನ ಹಿಂದಿದ್ದ ವೈದ್ಯಕೀಯ ಸಿಬ್ಬಂದಿ ಗದರುತ್ತಿದ್ದರು. ಆದರೆ ಆಫೀಸಿನ ದೊಡ್ಡವರು ಸಮವಸ್ತ್ರ ತೊಟ್ಟು ಬಂದ ದಿನ ಅದೇ ಸಿಬ್ಬಂದಿ ಎದ್ದು ನಿಂತು ರಿಜಿಸ್ಟರನ್ನು ಅವರ ಕಡೆಗೆ ತಿರುಗಿಸಿ ಪೆನ್ನಿನ ಮುಚ್ಚಳ ತೆಗೆದು ಕೊಡುತ್ತಿದ್ದರು. ಗುತ್ತಿಗೆಯ ಮೇಲಿರುವ ಆ ಹುಡುಗ, ತನ್ನ ಗುತ್ತಿಗೆಯನ್ನು ನವೀಕರಿಸುವ ಇಲಾಖೆಯ ಮುಖ್ಯಸ್ಥರಿಗೆ ‘ಸರ್, ಇನ್ನೊಮ್ಮೆ ಊದಿ’ ಎನ್ನಬೇಕು. ಕಾನೂನಿನ ಕಟ್ಟಡದ ಮಾತು ಆಮೇಲೆ ಆಡೋಣ, ಮೊದಲು ಈ ಕೋಣೆಯ ಬಗ್ಗೆ ಹೇಳಿ.

ತರಬೇತಿ ಕೊಠಡಿ:
ಪೆನ್ನಿನ ಮುಚ್ಚಳ ತೆಗೆದುಕೊಡುವುದು ಸೌಜನ್ಯ, ಅಪರಾಧವಲ್ಲ. 2018ರಲ್ಲಿ ನಿರ್ದೇಶಕರನ್ನೇ ವಿಮಾನದಿಂದ ಹೊರಗಿಟ್ಟದ್ದು ಇಂಥದ್ದೇ ಒಂದು ಕೋಣೆ ಎಂಬುದನ್ನು ಮರೆಯಬೇಡಿ.

ಗಗನವಿಹಾರಿ:
ಮ್ಯಾನೇಜ್‌ಮೆಂಟ್ ಪೈಲಟ್ಟಿನ (ಆಡಳಿತ ಹುದ್ದೆಯಲ್ಲೂ ಇರುವ ಪೈಲಟ್ಟಿನ) ಸಮಸ್ಯೆ ಭಾರತದ್ದಲ್ಲ, ಮದ್ಯದ್ದೂ ಅಲ್ಲ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ಲಾಸ್ ರೋಡಿಯೋಸ್ ವಿಮಾನ ನಿಲ್ದಾಣದಲ್ಲಿ ಮಂಜು ಕವಿದ ರನ್‌ವೇಯ ಮೇಲೆ ಎರಡು 747 ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಅನುಮತಿ ಇಲ್ಲದೆ ಓಟ ಆರಂಭಿಸಿದ ಕೆಎಲ್‌ಎಂ ವಿಮಾನದ ಕ್ಯಾಪ್ಟನ್ ವಾನ್ ಝಾಂಟನ್ ಆ ಕಂಪನಿಯ 747 ತರಬೇತಿಯ ಮುಖ್ಯಸ್ಥರು. ಕಂಪನಿಯ ಜಾಹೀರಾತಿನಲ್ಲಿ ಅವರದೇ ಚಿತ್ರ ಬರುತ್ತಿತ್ತು. ಪಕ್ಕದಲ್ಲಿದ್ದ ಸಹ ಪೈಲಟ್ಟಿಗೆ 747ರ ಅರ್ಹತಾ ಪರೀಕ್ಷೆ ಮಾಡಿ ಪಾಸು ಮಾಡಿದ್ದವರೂ ಅವರೇ, ಅದೂ ಸುಮಾರು ಎರಡು ತಿಂಗಳ ಹಿಂದೆ. ಹೆಚ್ಚು ಸಮಯ ಸಿಮ್ಯುಲೇಟರಿನಲ್ಲಿ ಕಳೆಯುವ ಇಂಥವರಿಗೆ ಟವರಿನ ಅನುಮತಿಗೆ ಕಾಯುವ ಅಭ್ಯಾಸವೇ ತಪ್ಪಿಹೋಗಿರುತ್ತದೆ, ಏಕೆಂದರೆ ಸಿಮ್ಯುಲೇಟರಿನಲ್ಲಿ ಅನುಮತಿ ಕೊಡುವವರೂ ಅವರೇ. ಅಪಘಾತದ ಸುದ್ದಿ ಬಂದಾಗ ತನಿಖೆಗೆ ಕಳುಹಿಸಲು ಕಂಪನಿಯವರು ಮೊದಲು ಹುಡುಕಿದ್ದು ಇದೇ ಕ್ಯಾಪ್ಟನ್ನರನ್ನು ಎಂದು ಹೇಳುತ್ತಾರೆ. ತಪ್ಪು ಮಾಡುವವನೂ ತಪ್ಪು ಹುಡುಕುವವನೂ ಒಬ್ಬನೇ ಆಗುವ ವ್ಯವಸ್ಥೆ ಇದು. ಸಹ ಪೈಲಟ್ ಪಾಪ ಸುಮ್ಮನೆ ಕೂರಬೇಕಾಯಿತು.

ತರಬೇತಿ ಕೊಠಡಿ:
‘ಪಾಪ ಸುಮ್ಮನೆ ಕೂರಬೇಕಾಯಿತು’ ಎಂಬುದರಲ್ಲೇ ಎಲ್ಲವೂ ಇದೆ. ಕೂರಬೇಕಾಗಿರಲಿಲ್ಲ. ಅದೇ ಕಾಕ್‌ಪಿಟ್ಟಿನ ಧ್ವನಿಮುದ್ರಣವನ್ನು ಪೂರ್ತಿ ಓದಿ. ಮೊದಲ ಸಲ ಕ್ಯಾಪ್ಟನ್ ಥ್ರಾಟಲ್ ಮುಂದೆ ಮಾಡಿದಾಗ ಇದೇ ಸಹ ಪೈಲಟ್ ‘ನಮಗಿನ್ನೂ ಅನುಮತಿ ಸಿಕ್ಕಿಲ್ಲ’ ಎಂದು ತಡೆದರು. ಕ್ಯಾಪ್ಟನ್ ನಿಂತು ‘ಗೊತ್ತು, ಕೇಳಿ’ ಎಂದರು. ಅಂದರೆ ತಡೆಯಲು ಸಾಧ್ಯವಿತ್ತು. ಎರಡನೆಯ ಸಲ ತಡೆಯಲಿಲ್ಲ. ಕಾಕ್‌ಪಿಟ್ಟಿನಲ್ಲಿ ಇಬ್ಬರನ್ನು ಕೂರಿಸುವುದು ಒಬ್ಬರು ಇನ್ನೊಬ್ಬರಿಗೆ ಚಹಾ ಕೊಡಲಿ ಎಂದಲ್ಲ. ಹೊಣೆಗಾರಿಕೆ ಕೆಳಗಿನವರ ಮೇಲೆ ಮಾತ್ರ ಬೀಳುತ್ತದೆ ಎಂದು ಅಳುವವರು, ಕೆಳಗಿನವರಿಗೂ ಹೊಣೆಗಾರಿಕೆ ಇದೆ ಎಂಬುದನ್ನು ಒಪ್ಪಬೇಕು.

ಕೆಂಜಾರಿನವ:
ಚಹಾದ ಮಾತು ಆಡಿದ ಮಹನೀಯರಿಗೆ ನಮಸ್ಕಾರ. ನಮ್ಮ ಊರು ಬಜ್ಪೆ ವಿಮಾನ ನಿಲ್ದಾಣದ ಗುಡ್ಡದ ಕೆಳಗಿದೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ಆ ಗುಡ್ಡದಿಂದ ಕೆಳಗುರುಳಿ ಹೊತ್ತಿ ಉರಿಯಿತು. 166 ಜನರಲ್ಲಿ 8 ಜನ ಉಳಿದರು. ಆ ವಿಮಾನದ ಸಹ ಪೈಲಟ್ ಸುಮ್ಮನೆ ಕೂತಿರಲಿಲ್ಲ ಸ್ವಾಮಿ. ಮೂರು ಸಲ ‘ಗೋ ಅರೌಂಡ್’ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ) ಎಂದು ಕ್ಯಾಪ್ಟನ್ನರಿಗೆ ಹೇಳಿದ್ದು ತನಿಖಾ ವರದಿಯಲ್ಲೇ ಇದೆ. ಕ್ಯಾಪ್ಟನ್ ಕೇಳಲಿಲ್ಲ. ಹೇಳಿದವರೂ ಸತ್ತರು, ಕೇಳದವರೂ ಸತ್ತರು. ಕೆಳಗಿನವರು ಹೊಣೆ ಹೊರಲಿಲ್ಲ ಎನ್ನುವ ಮುನ್ನ ಒಮ್ಮೆ ಈ ಕಡೆ ಬಂದು ಆ ಕಣಿವೆ ನೋಡಿಹೋಗಿ.

ತರಬೇತಿ ಕೊಠಡಿ:
ನಿಮ್ಮ ಊರಿನ ನೋವಿಗೆ ಗೌರವವಿದೆ. ಆದರೆ ‘ಮೂರು ಸಲ ಹೇಳಿದರು’ ಎಂಬುದು ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. ಆ ವಿಮಾನ ರನ್‌ವೇಯ ಅಂಚನ್ನು ದಾಟಿದ್ದು ಸುಮಾರು 200 ಅಡಿ ಎತ್ತರದಲ್ಲಿ, 160 ನಾಟ್‌ಗೂ ಹೆಚ್ಚು ವೇಗದಲ್ಲಿ. ಇರಬೇಕಾಗಿದ್ದದ್ದು 50 ಅಡಿ ಮತ್ತು 144 ನಾಟ್. ನೆಲ ಮುಟ್ಟಿದ್ದು ಸುಮಾರು 5,200 ಅಡಿ ಕಳೆದ ಮೇಲೆ, 8,000 ಅಡಿಯಷ್ಟಿರುವ ರನ್‌ವೇಯಲ್ಲಿ. ‘ಸಿಂಕ್ ರೇಟ್’ (ಅತಿ ವೇಗವಾಗಿ ಇಳಿಯುತ್ತಿದೆ), ‘ಪುಲ್ ಅಪ್’ (ಮೇಲೆತ್ತಿ) ಎಂದು ಯಂತ್ರವೇ ಕೂಗುತ್ತಿತ್ತು. ಇಷ್ಟೆಲ್ಲ ಕಣ್ಣೆದುರಿಗಿರುವಾಗ ಬಾಯಿಂದ ಹೇಳುವುದು ಸಾಲದು, ಕೈಯಿಂದ ಮಾಡಬೇಕು. ಎರಡನೆಯ ಸಲ ಉತ್ತರ ಬರದಿದ್ದರೆ ‘ಐ ಹ್ಯಾವ್ ಕಂಟ್ರೋಲ್ಸ್’ ಎಂದು ಹಿಡಿತ ತೆಗೆದುಕೊಳ್ಳಬೇಕು. ಇದನ್ನು ಸಿಮ್ಯುಲೇಟರಿನಲ್ಲಿ ಕಲಿಸುತ್ತೇವೆ.

ಕಪ್ಪು ಕೋಟು:
ಕಲಿಸುತ್ತೀರೋ ಇಲ್ಲವೋ ತಿಳಿಯದು, ಆದರೆ ಏರ್ ಮಾರ್ಷಲ್ ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯ ಬರೆದದ್ದು ಬೇರೆ. ಸಹ ಪೈಲಟ್ ಗೋ ಅರೌಂಡ್ ಆರಂಭಿಸುವ ಅಧಿಕಾರದ ಬಗ್ಗೆ ಇದ್ದ ಸೂಚನೆಗಳಲ್ಲಿಯೇ ಗೊಂದಲವಿದ್ದುದರಿಂದ ಅವರು ಪದೇ ಪದೇ ಹೇಳಿದರೂ ಹಿಡಿತ ತೆಗೆದುಕೊಳ್ಳಲಿಲ್ಲವೇನೋ ಎಂದು ಪೂರಕ ಕಾರಣಗಳಲ್ಲಿ ಅದು ದಾಖಲಿಸಿದೆ. ಸೂಚನೆ ಬರೆಯುವುದು ಸಹ ಪೈಲಟ್ಟಿನ ಕೆಲಸವಲ್ಲ. ಮೂಲ ವಿಷಯಕ್ಕೆ ಬನ್ನಿ: ಗೊಂದಲದ ಸೂಚನೆಗೆ ಸಹಿ ಹಾಕಿದವರು ಯಾರು?

ತರಬೇತಿ ಕೊಠಡಿ:
‘ತೆಗೆದುಕೊಳ್ಳಲಿಲ್ಲವೇನೋ’. ಈ ‘ಏನೋ’ ಗಮನಿಸಿ. ತನಿಖಾಧಿಕಾರಿಗಳೇ ಖಚಿತವಾಗಿ ಹೇಳದ್ದನ್ನು ವಕೀಲರು ಖಚಿತ ಮಾಡಿ ತೀರ್ಪನ್ನೇ ಕೊಟ್ಟುಬಿಟ್ಟರು. ಅದೇ ವರದಿಯ ನೇರ ಕಾರಣ ಏನು? ಸ್ಥಿರವಲ್ಲದ ಇಳಿಕೆಯನ್ನು ಕ್ಯಾಪ್ಟನ್ ಕೈಬಿಡಲಿಲ್ಲ ಎಂಬುದು. ಆ ಕ್ಯಾಪ್ಟನ್ ಮ್ಯಾನೇಜ್‌ಮೆಂಟ್ ಪೈಲಟ್ ಆಗಿರಲಿಲ್ಲ, ಲೈನ್ ಕ್ಯಾಪ್ಟನ್. ಹಾಗಾದರೆ ಈ ಉದಾಹರಣೆ ಇಲ್ಲಿಗೇಕೆ ಬಂತು?

ಗಗನವಿಹಾರಿ:
ಇಳಿಕೆಯ ಹಂತದಲ್ಲಿ ಇಬ್ಬರು ಒಂದೇ ಸಲ ನಿಯಂತ್ರಣ ಹಿಡಿದರೆ ಏನಾಗುತ್ತದೆ ಎಂಬುದನ್ನೂ ತರಬೇತುದಾರರು ಹೇಳಬೇಕು. ನೆಲಕ್ಕೆ ನೂರಾರು ಅಡಿ ಇರುವಾಗ ಒಬ್ಬ ಎಳೆಯುತ್ತ ಇನ್ನೊಬ್ಬ ತಳ್ಳಿದರೆ ಅದು ಗೋ ಅರೌಂಡ್ ಆಗುವುದಿಲ್ಲ, ಇನ್ನೊಂದು ಅಪಘಾತ ಆಗುತ್ತದೆ. ಹಿಡಿತ ತೆಗೆದುಕೊಳ್ಳುವುದು ಕ್ಯಾಪ್ಟನ್ ಪ್ರಜ್ಞೆ ತಪ್ಪಿದಾಗ ಎಂದು ನಾನು ಓದಿದ ನೆನಪು.

ತರಬೇತಿ ಕೊಠಡಿ:
ಓದಿದ ನೆನಪಿನಿಂದ ವಿಮಾನ ಹಾರಿಸುವುದಿಲ್ಲ. ಉತ್ತರ ಕೊಡದ ಕ್ಯಾಪ್ಟನ್ನನ್ನೂ ಅಸಮರ್ಥ ಎಂದೇ ಪರಿಗಣಿಸಬೇಕು, ಕಣ್ಣು ತೆರೆದು ಕೂತಿದ್ದರೂ ಸರಿ. ಮಂಗಳೂರಿನ ಧ್ವನಿಮುದ್ರಣದಲ್ಲಿ ಮೊದಲ 1 ಗಂಟೆ 40 ನಿಮಿಷ ಮಾತೇ ಇಲ್ಲ, ಗೊರಕೆಯ ಸದ್ದಿದೆ. ನಿದ್ದೆಯಿಂದ ಎದ್ದ ಕ್ಯಾಪ್ಟನ್ನರ ಮಂಪರು ಹರಿದಿರಲಿಲ್ಲ ಎಂದು ವರದಿಯೇ ಹೇಳುತ್ತದೆ. ಪಕ್ಕದಲ್ಲಿದ್ದವರಿಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ನಿವೃತ್ತ ಕಮಾಂಡರ್:
ಚರ್ಚೆ ಎಲ್ಲಿಗೋ ಹೋಗುತ್ತಿದೆ, ಆದರೆ ತರಬೇತಿ ಕೊಠಡಿಯವರು ತಾವಾಗಿಯೇ ಬಾಗಿಲು ತೆರೆದಿದ್ದಾರೆ. ಊಹಿಸಿಕೊಳ್ಳಿ, ಆ ದಿನ ಸಹ ಪೈಲಟ್ ಎರಡನೆಯ ಕೂಗಿನ ನಂತರ ಹಿಡಿತ ತೆಗೆದುಕೊಂಡು, ವಿಮಾನ ಮೇಲೇರಿ, ಒಂದು ಸುತ್ತು ಹಾಕಿ ಸುರಕ್ಷಿತವಾಗಿ ಇಳಿದಿತ್ತು. ಅಂದು ಸಂಜೆ ಏನಾಗುತ್ತಿತ್ತು? ‘ನಾನು ಸರಿಯಾಗಿಯೇ ಇಳಿಸುತ್ತಿದ್ದೆ, ಈತ ನನ್ನ ಕೈಯಿಂದ ಕಸಿದುಕೊಂಡ’ ಎಂದು ಕ್ಯಾಪ್ಟನ್ ಬರೆದುಕೊಡುತ್ತಿದ್ದರು. ಅಪಘಾತವೇ ಆಗದಿದ್ದರೆ ಕ್ಯಾಪ್ಟನ್ ತಪ್ಪಿಗೆ ಸಾಕ್ಷಿ ಎಲ್ಲಿ? ಇಬ್ಬರನ್ನೂ ರೋಸ್ಟರಿನಿಂದ (ಹಾರಾಟದ ಪಾಳಿ ಪಟ್ಟಿಯಿಂದ) ಇಳಿಸಿ ಕಂಪನಿಯ ಒಳತನಿಖೆಗೆ ಕರೆಯುತ್ತಿದ್ದರು. ಆ ಕೋಣೆಯಲ್ಲಿ ಮೇಜಿನ ಆಚೆ ಕೂರುವವರು ಯಾರು? ಚೀಫ್ ಪೈಲಟ್, ತರಬೇತಿ ಮುಖ್ಯಸ್ಥ, ಫ್ಲೈಟ್ ಸೇಫ್ಟಿ ಮುಖ್ಯಸ್ಥ. ಮುಂದಿನ ವರ್ಷ ಆ ಸಹ ಪೈಲಟ್ಟಿನ ಕಮಾಂಡ್ ಅರ್ಜಿಗೆ ಸಹಿ ಹಾಕಬೇಕಾದವರೂ ಅವರೇ. ಅವನ ಕೈ ಕಂಟ್ರೋಲ್ ಕಾಲಮ್ಮಿನವರೆಗೆ ಹೋಗಿ ನಿಲ್ಲುವುದು ಧೈರ್ಯ ಸಾಲದೆ ಅಲ್ಲ.

ನಾನು ಸಹ ಪೈಲಟ್ ಆಗಿದ್ದ ಕಾಲದಲ್ಲಿ ಒಮ್ಮೆ ಮಳೆಯಲ್ಲಿ ಗಟ್ಟಿಯಾಗಿ ನೆಲ ಮುಟ್ಟಿದ್ದಕ್ಕೆ ಮರುದಿನವೇ ಕರೆ ಬಂದಿತ್ತು. ಪರದೆಯ ಮೇಲೆ ಲಂಬ ವೇಗೋತ್ಕರ್ಷದ (ನೆಲ ಮುಟ್ಟಿದ ಹೊಡೆತದ) ಗೆರೆ ತೋರಿಸಿ, ಗೆರೆಯ ತುದಿಗೆ ಪೆನ್ಸಿಲ್ ಇಟ್ಟು ‘ಇದೇನು’ ಎಂದು ಕೇಳಿದರು. ಆ ಪ್ರಶ್ನೆ ಸರಿಯಾಗಿತ್ತು. ಆದರೆ ಹಾಗೆ ಕೇಳಿದವರು ತಾವು ತಿಂಗಳಿಗೊಮ್ಮೆ ಹಾರಿಸುತ್ತಿದ್ದ ವಿಮಾನದ ಗೆರೆಯನ್ನು ಯಾರ ಮುಂದೆಯೂ ಹಾಕಿ ತೋರಿಸಲಿಲ್ಲ.

ತರಬೇತಿ ಕೊಠಡಿ:
ಅಂತೂ ಅಸಲು ಕಾರಣ ಹೊರಬಂತು. ಗಟ್ಟಿಯಾಗಿ ಇಳಿಸಿದ್ದಕ್ಕೆ ಯಾರೋ ಪ್ರಶ್ನೆ ಕೇಳಿದರೆಂಬ ಸಿಟ್ಟು ಇಷ್ಟು ವರ್ಷ ಕಳೆದರೂ ಆರಿಲ್ಲ. ಗೆರೆಯನ್ನು ತೋರಿಸಿದವರ ಮೇಲೆ ಕೋಪ ಮಾಡಿಕೊಳ್ಳುವ ಬದಲು ಗೆರೆಯನ್ನು ಸರಿಪಡಿಸಿಕೊಳ್ಳಬೇಕಿತ್ತು.

ಕೆಂಜಾರಿನವ:
ಅವರ ಗೆರೆ ಬಿಡಿ. ‘ಪಕ್ಕದಲ್ಲಿದ್ದವರಿಗೆ ಚೆನ್ನಾಗಿ ಗೊತ್ತಿತ್ತು’ ಎಂದಿರಲ್ಲ, ಆ ಮಾತನ್ನು ಹಿಂತೆಗೆದುಕೊಳ್ಳಿ. ಸತ್ತವರು ಬಂದು ಉತ್ತರ ಹೇಳಲಾರರು ಎಂಬ ಧೈರ್ಯದಿಂದ ಆಡುವ ಮಾತು ಅದು. ರಾತ್ರಿಯೆಲ್ಲ ಎಚ್ಚರವಿದ್ದು ಒಬ್ಬರೇ ವಿಮಾನವನ್ನು ತಂದವರು ಅವರು. ಮಂಗಳೂರಿನ ರೇಡಾರ್ ಎರಡು ದಿನದಿಂದ ಕೆಟ್ಟು ಕೂತಿದ್ದುದರಿಂದ ಕೆಳಗಿಳಿಯುವ ಅನುಮತಿ ತಡವಾಗಿ ಸಿಕ್ಕಿತು, ಅದಕ್ಕೇ ವಿಮಾನ ಅಷ್ಟು ಎತ್ತರದಲ್ಲಿ ಉಳಿದದ್ದು. ರೇಡಾರ್ ಕೆಟ್ಟದ್ದಕ್ಕೆ, ಕ್ಯಾಪ್ಟನ್ ಮಲಗಿದ್ದಕ್ಕೆ, ಸೂಚನೆ ಗೊಂದಲವಾಗಿದ್ದಕ್ಕೆ ಎಲ್ಲಕ್ಕೂ ಒಬ್ಬ ಸಹ ಪೈಲಟ್ಟಿನ ಕೈಯೇ ಸಿಕ್ಕಿತೇ ನಿಮಗೆ?

ತರಬೇತಿ ಕೊಠಡಿ:
ಹಿಂತೆಗೆದುಕೊಳ್ಳಲು ನಾನು ಅವಹೇಳನ ಮಾಡಿಲ್ಲ. ರೇಡಾರ್ ಇಲ್ಲದೆಯೂ ಅದೇ ನಿಲ್ದಾಣದಲ್ಲಿ ಆ ಎರಡು ದಿನ ಬೇರೆ ವಿಮಾನಗಳು ಇಳಿದಿವೆ.

ಹಳೇ ಡಿಸ್ಪ್ಯಾಚರ್:
ಎಲ್ಲರೂ ಹತ್ತು ಹದಿನೈದು ವರ್ಷ ಹಿಂದೆ ಹೋಗಿ ಕೂತಿದ್ದೀರಿ. 2025ರ ಮೇ 16 ಮತ್ತು 17ರಂದು ಬೆಂಗಳೂರಿನಿಂದ ಲಂಡನ್ನಿಗೆ ಹೋದ ಏರ್ ಇಂಡಿಯಾದ ಎರಡು ವಿಮಾನಗಳಲ್ಲಿ ಪೈಲಟ್‌ಗಳ ಹಾರಾಟದ ಅವಧಿ 10 ಗಂಟೆಯ ಮಿತಿಯನ್ನು ಮೀರಿತು. ಡಿಜಿಸಿಎ ಸಂಸ್ಥೆಯ ಹೊಣೆಗಾರ ಅಧಿಕಾರಿಗೆ ನೋಟಿಸ್ ಕೊಟ್ಟಿತು. ಅದೇ ಜೂನ್‌ನಲ್ಲಿ, ರೋಸ್ಟರ್ ಲೋಪಗಳಿಗಾಗಿ ವಿಭಾಗೀಯ ಉಪಾಧ್ಯಕ್ಷರೂ ಸೇರಿ ಮೂವರನ್ನು ಆ ಕೆಲಸದಿಂದ ತೆಗೆಯಲು ಆದೇಶಿಸಿತು. ಹಾರಿಸಿದವರನ್ನು ಬಿಟ್ಟು ಹಾರಿಸಲು ಕಳುಹಿಸಿದವರನ್ನು ಹಿಡಿದದ್ದು ಇದೇ ಮೊದಲೇನೋ ಅನಿಸುವಂತಿದೆ. ಅದರ ಹಿಂದಿನ ವಾರವಷ್ಟೇ ಅಹಮದಾಬಾದಿನ ಅಪಘಾತ ಆಗಿತ್ತು. ಆ ಅಪಘಾತದ ಬಗ್ಗೆ ಮಾತ್ರ ಇಲ್ಲಿ ಯಾರೂ ಬರೆಯಬೇಡಿ, ಮಡಿದ ಕ್ಯಾಪ್ಟನ್ನರ ಹೆಸರನ್ನು ಈಗಾಗಲೇ ಊರೆಲ್ಲ ಎಳೆದಾಡಿದೆ.

ಗಗನವಿಹಾರಿ:
ಆ ಮೂವರೂ ರೋಸ್ಟರ್ ವಿಭಾಗದವರು. ಕಾರ್ಯಾಚರಣೆಯ ಮುಖ್ಯ ಕುರ್ಚಿಯನ್ನು ಯಾರೂ ಅಲುಗಿಸಲಿಲ್ಲ. ಹಾಗಾಗಿ ಈ ಉದಾಹರಣೆ ಕಮಾಂಡರ್ ಅವರ ಪರವಾಗಿಯೇ ಇದೆ.

ತರಬೇತಿ ಕೊಠಡಿ:
ಉಪಾಧ್ಯಕ್ಷರನ್ನು ತೆಗೆದರೂ ಕಮಾಂಡರ್ ಪರ, ತೆಗೆಯದಿದ್ದರೂ ಕಮಾಂಡರ್ ಪರ. ಇಂಥ ವಾದದ ಎದುರು ಗೆಲ್ಲುವವರು ಯಾರೂ ಇಲ್ಲ.

ಸಹ ಪೈಲಟ್ಟಿನ ವಿಷಯವನ್ನು ಇಲ್ಲಿಗೆ ಮುಗಿಸುತ್ತೇನೆ. 2020ರ ಆಗಸ್ಟ್ 7ರಂದು ಕೋಯಿಕ್ಕೋಡಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ 1344 ಮಳೆಯಲ್ಲಿ, ಹಿಂಗಾಳಿಯಲ್ಲಿ ರನ್‌ವೇಯ ಅರ್ಧದಲ್ಲಿ ನೆಲ ಮುಟ್ಟಿ ಕಣಿವೆಗೆ ಬಿತ್ತು. ಇಬ್ಬರು ಪೈಲಟ್‌ಗಳೂ ಸೇರಿ 21 ಜನ ಸತ್ತರು. ವಿಮಾನ ಅಪಘಾತ ತನಿಖಾ ಸಂಸ್ಥೆ ಎಎಐಬಿಯ ವರದಿ ಹೇಳುವ ಸಂಭವನೀಯ ಕಾರಣ ಇದು: ಸಹ ಪೈಲಟ್ ‘ಗೋ ಅರೌಂಡ್’ ಎಂದು ಕೂಗಿದರೂ ಕ್ಯಾಪ್ಟನ್ ಇಳಿಕೆಯನ್ನು ಮುಂದುವರಿಸಿದ್ದು, ಮತ್ತು ಸಹ ಪೈಲಟ್ ಹಿಡಿತ ತೆಗೆದುಕೊಂಡು ಗೋ ಅರೌಂಡ್ ಮಾಡುವಲ್ಲಿ ವಿಫಲರಾದದ್ದು. ‘ಏನೋ’ ಇಲ್ಲ, ‘ಗೊಂದಲ’ ಇಲ್ಲ. ವಕೀಲರಿಗೂ ಕೆಂಜಾರಿನವರಿಗೂ ಇದಕ್ಕಿಂತ ಸ್ಪಷ್ಟ ಮಾತು ಬೇಕೇ?

ನಿವೃತ್ತ ಕಮಾಂಡರ್:
ಬೇಡ, ಇದೇ ಸಾಕು. 2010ರಲ್ಲಿ ಒಂದು ಸಂಸ್ಥೆಯ ಸಹ ಪೈಲಟ್ ‘ಗೋ ಅರೌಂಡ್’ ಎಂದು ಹೇಳಿಯೂ ಹಿಡಿತ ತೆಗೆದುಕೊಳ್ಳಲಿಲ್ಲ, 158 ಜನ ಸತ್ತರು, ತನಿಖೆ ಅದನ್ನು ಬರೆದು ಎಲ್ಲರ ಕೈಗೂ ಕೊಟ್ಟಿತು. ಹತ್ತು ವರ್ಷದ ನಂತರ ಅದೇ ಸಂಸ್ಥೆಯ ಇನ್ನೊಬ್ಬ ಸಹ ಪೈಲಟ್ ಇನ್ನೊಂದು ಗುಡ್ಡದ ಮೇಲಿನ ರನ್‌ವೇಯಲ್ಲಿ ‘ಗೋ ಅರೌಂಡ್’ ಎಂದು ಹೇಳಿಯೂ ಹಿಡಿತ ತೆಗೆದುಕೊಳ್ಳಲಿಲ್ಲ. ಇಬ್ಬರು ಬೇರೆ ಬೇರೆ ಮನುಷ್ಯರು, ಒಬ್ಬರಿಗೊಬ್ಬರ ಪರಿಚಯವೂ ಇದ್ದಿರಲಾರದು. ಅವರ ನಡುವೆ ಇದ್ದದ್ದು ಒಂದೇ ತರಬೇತಿ ವಿಭಾಗ. ಎರಡನೆಯ ಸಹ ಪೈಲಟ್ಟಿಗೆ ಅದನ್ನು ಕಲಿಸಿ, ಪರೀಕ್ಷಿಸಿ, ‘ಅರ್ಹ’ ಎಂದು ಸಹಿ ಹಾಕಿದ ಮ್ಯಾನೇಜ್‌ಮೆಂಟ್ ಪೈಲಟ್‌ಗಳು ಯಾರು, ಅವರಲ್ಲಿ ಎಷ್ಟು ಜನರ ಲೈಸೆನ್ಸ್ ಒಂದು ದಿನವಾದರೂ ಅಮಾನತಾಯಿತು?

ತಾವು ಅರ್ಧ ಓದಿ ನಿಲ್ಲಿಸಿದ ಅದೇ ವರದಿ ಮುಂದೆ ಇನ್ನೂ ಹೇಳುತ್ತದೆ. ಕ್ಯಾಪ್ಟನ್ ಕೋಯಿಕ್ಕೋಡಿನಲ್ಲೇ ಇಳಿಯಲು ಹಟ ಹಿಡಿದದ್ದರ ಹಿಂದೆ ಮರುದಿನ ಬೆಳಗಿನ ವಿಮಾನಕ್ಕೆ ಅವರೇ ಬೇಕಾಗಿದ್ದ ಒತ್ತಡವಿತ್ತು. ಅಲ್ಲಿ 26 ಸಹ ಪೈಲಟ್‌ಗಳಿಗೆ ಕಾಯಂ ಕ್ಯಾಪ್ಟನ್ ಇದ್ದದ್ದು ಒಬ್ಬರೇ. ಅದು ಸಂಸ್ಥೆಯ ತಪ್ಪು ಸಿಬ್ಬಂದಿ ನೀತಿಯ ಫಲ ಎಂದು ಬರೆದಿದ್ದಾರೆ. ಮೇಲಿನ ಹಂತದ ಆಡಳಿತದ ನೀತಿಗಳಿಂದ ತರಬೇತಿ, ಕಾರ್ಯಾಚರಣೆ, ಸುರಕ್ಷತೆ ಎಲ್ಲದರಲ್ಲೂ ಮೇಲ್ವಿಚಾರಣೆ ಸೊರಗಿ, ಮಾನವ ದೋಷದ ಅಪಘಾತಗಳು ಮತ್ತೆ ಮತ್ತೆ ಆಗುತ್ತಿವೆ ಎಂದೂ ಬರೆದಿದ್ದಾರೆ.

ತರಬೇತಿ ಕೊಠಡಿ:
‘ಅರ್ಹ ಎಂದು ಸಹಿ ಹಾಕಿದವರು’ ಎನ್ನುತ್ತೀರಿ. ಪರೀಕ್ಷಕ ಸಹಿ ಹಾಕುವುದು ಆ ದಿನದ ಸಾಮರ್ಥ್ಯಕ್ಕೆ. ಆರು ತಿಂಗಳ ನಂತರ ಒಬ್ಬ ಮನುಷ್ಯ ಮಳೆಯ ರಾತ್ರಿಯಲ್ಲಿ ಏನು ಮಾಡುತ್ತಾನೆ ಎಂಬುದಕ್ಕೆ ಯಾವ ಪರೀಕ್ಷಕನೂ ಜಾಮೀನು ಕೊಡಲಾರ. ಕ್ಯಾಪ್ಟನ್ ಬದಿಯ ವೈಪರ್ ಆ ರಾತ್ರಿ ಮೊದಲ ಪ್ರಯತ್ನದಲ್ಲೇ ನಿಂತುಹೋಗಿತ್ತು. ಅದಕ್ಕೂ ತರಬೇತಿ ವಿಭಾಗವೇ ಕಾರಣವೇ?

ಕಪ್ಪು ಕೋಟು:
ವೈಪರಿನ ಬಗ್ಗೆ ಯಾರೂ ಕೇಳಿಲ್ಲ. ಸಹಿ ಆ ಒಂದು ದಿನಕ್ಕೆ ಮಾತ್ರ ಎನ್ನುವುದಾದರೆ ಪೈಲಟ್ಟಿನ ತಪ್ಪೂ ಆ ಒಂದು ದಿನಕ್ಕೆ ಮಾತ್ರ ಎನ್ನಬೇಕಾಗುತ್ತದೆ. ಆದರೆ ಅವನ ಲೈಸೆನ್ಸಿನ ಮೇಲೆ ಅದು ನಿವೃತ್ತಿಯವರೆಗೂ ಇರುತ್ತದೆ. ಲೈಸೆನ್ಸ್ ವ್ಯಕ್ತಿಯದ್ದು, ಸಹಿ ಕಂಪನಿಯದ್ದು ಎಂದು ನಾನು ಮೊದಲೇ ಹೇಳಿದ್ದೆ. ನಿರ್ದೇಶಕರಿಗೆ ವೈಯಕ್ತಿಕವಾಗಿ ದಂಡ ಹಾಕುವುದಕ್ಕೆ ಕಾನೂನಿನಲ್ಲಿ ದಾರಿ ಇದೆ ಎಂಬುದನ್ನು ತಾವೇ 2024ರ ಉದಾಹರಣೆಯಿಂದ ತೋರಿಸಿದ್ದೀರಿ. ಕೋಯಿಕ್ಕೋಡಿನ ನಂತರ ಆ ದಾರಿಯಲ್ಲಿ ಎಷ್ಟು ದೂರ ನಡೆದರು ಎಂಬುದು ಪ್ರಶ್ನೆ.

ಗಗನಸಖಿ:
ನಾನು ಕೇಳಿದ್ದ ಕೋಣೆಯ ಪ್ರಶ್ನೆಗೆ ಪೆನ್ನಿನ ಮುಚ್ಚಳದ ಸೌಜನ್ಯ ಬಿಟ್ಟು ಬೇರೆ ಉತ್ತರ ಬರಲಿಲ್ಲ. ಆ ಮೇಜಿನ ಹಿಂದಿನ ಹುಡುಗನೂ ಬಲಗಡೆ ಸೀಟಿನ ಸಹ ಪೈಲಟ್ಟೂ ಒಂದೇ ಜಾಗದಲ್ಲಿ ಕೂತವರು ಎಂದು ನನಗೆ ಕಾಣುತ್ತಿದೆ, ನಿಮಗೆ ಕಾಣದಿದ್ದರೆ ಬಿಡಿ. ತಪಾಸಣೆಯನ್ನು ವಿಮಾನ ಸಂಸ್ಥೆಯ ಕೈಯಿಂದ ತೆಗೆದು ಹೊರಗಿನವರಿಗೆ ಕೊಡಿ, ಒಳತನಿಖೆಯ ಮೇಜಿನಿಂದ ಬಡ್ತಿಗೆ ಸಹಿ ಹಾಕುವವರನ್ನು ಎಬ್ಬಿಸಿ. ಇಷ್ಟು ಮಾಡುವುದಕ್ಕೆ 13ನೇ ಅನುಬಂಧ ಅಡ್ಡ ಬರುವುದಿಲ್ಲ.

ತರಬೇತಿ ಕೊಠಡಿ:
‘ಹೊರಗಿನವರು’ ಎಂದರೆ ಯಾರು? ವಿಮಾನವನ್ನೇ ಹಾರಿಸದ ಗುಮಾಸ್ತರು ಬಂದು ಇಳಿಕೆ ಹೇಗಿರಬೇಕೆಂದು ಪೈಲಟ್‌ಗಳಿಗೆ ಹೇಳಬೇಕೇ? ಅನುಭವಿಗಳನ್ನು ಮೇಜಿನಿಂದ ಎಬ್ಬಿಸಿದರೆ ಮೊದಲು ಅನ್ಯಾಯವಾಗುವುದು ನಿಮ್ಮ ಲೈನ್ ಪೈಲಟ್ಟಿಗೇ. ಸಹ ಪೈಲಟ್ ಹಿಡಿತ ತೆಗೆದುಕೊಳ್ಳಬೇಕಿತ್ತು ಎಂಬ ನನ್ನ ಮಾತಿಗೆ ಎರಡು ವರದಿಗಳ ಆಧಾರವಿದೆ. ಅದರಿಂದ ನಾನು ಹಿಂದೆ ಸರಿಯುವುದಿಲ್ಲ.

ನಿವೃತ್ತ ಕಮಾಂಡರ್:
ಸರಿಯಬೇಡಿ. ಎರಡು ವರದಿಗಳ ನಡುವಿನ ಹತ್ತು ವರ್ಷದಲ್ಲಿ ಆ ಕೊಠಡಿಯಲ್ಲಿ ಕಲಿಸುತ್ತಿದ್ದವರ ಬಗ್ಗೆ ಕೇಳಿದ್ದಕ್ಕೆ ಉತ್ತರ ಮಾತ್ರ ಕೊಡಿ.

ಕೆಂಜಾರಿನವ:
ಕೊಡುವುದಿಲ್ಲ ಬಿಡಿ ಕಮಾಂಡರೇ, ಮತ್ತೆ ವೈಪರಿನ ಕಥೆ ಹೇಳುತ್ತಾರೆ.

ತರಬೇತಿ ಕೊಠಡಿ:
ವೈಪರ್ ಕಥೆಯಲ್ಲ, ವರದಿಯಲ್ಲಿದೆ. ಪುಟ ತೆರೆದು ನೋಡಿ.